ಬಿಸಿಲಿಗಿಟ್ಟ ಮುಖ

ತಳಕಲ್ಲಿನ ಬಾಲಪ್ಪ ತನ್ನ ತಾಯಿಯ ಫೋಟೋವನ್ನು ಬಿಳಿ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಂಗಾವತಿಗೆ ತಂದಿದ್ದ. ಸ್ಟುಡಿಯೋದ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದು, ಗಾಜಿನ ಕೌಂಟರಿನ ಮೇಲೆ ಅದನ್ನಿಟ್ಟು, ಟವೆಲ್ ಬಿಚ್ಚದೆ ನಿಂತ.

"ಬಿಚ್ರಿ, ನೋಡೂಣು," ಎಂದಳು ಶಾಂಭವಿ.

"ನೀವ ಬಿಚ್ರಿ ಅಕ್ಕಾರ. ನನಗ ನೋಡಾಕ ಆಗವಲ್ದು."

ಶಾಂಭವಿ ಬಿಚ್ಚಿದಳು. ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಪ್ರಿಂಟರಿನಲ್ಲಿ ಅವಳೇ ತೆಗೆದ ಫೋಟೋ. ಮಾರೆವ್ವ ಎಂಬ ಆ ಮುದುಕಿಯ ಹಸಿರು ಸೀರೆ ಈಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಮುಖ ಇನ್ನೂ ದೂರ ಹೋಗಿತ್ತು. ಹುಬ್ಬು, ಕಣ್ಣು, ತುಟಿ ಎಲ್ಲವೂ ಒಂದೇ ಮಸುಕು ಹಳದಿಯಲ್ಲಿ ಕರಗಿ, ಎಲ್ಲಿ ಕೆನ್ನೆ ಮುಗಿದು ಎಲ್ಲಿ ಗೋಡೆ ಶುರುವಾಯಿತೆಂದು ಹೇಳಲಾಗದಂತಾಗಿತ್ತು. ಗಾಜಿನ ಮೇಲೆ ಹಣೆಯ ಜಾಗಕ್ಕೆ ಮನೆಯವರು ಹಚ್ಚಿದ ಕುಂಕುಮ ಮಾತ್ರ ಕೆಂಪಗೆ ಉಳಿದಿತ್ತು. ಅದರ ಕೆಳಗೆ ಯಾರೂ ಇರಲಿಲ್ಲ.

"ಮೊದ್ಲ ತುಟಿ ಹೋದ್ವು," ಎಂದ ಬಾಲಪ್ಪ, ಬಾಗಿಲ ಕಡೆ ನೋಡುತ್ತ. "ಧೂಳ ಅಂತ ಒರಿಸಿದ್ವಿ. ಆಮ್ಯಾಲೆ ಕಣ್ಣು. ನಮ್ಮ ಮನಿಯಾಕಿ ಅಂತಾಳ, ಅತ್ತಿ ಮನಿ ಬಿಟ್ಟು ಹೊಂಟಾಳ ಅಂತ. ಹುಡುಗರು ಪಡಸಾಲ್ಯಾಗ ಮಲಗಾಕ ಒಲ್ಲೆ ಅಂತಾವ." ಈಗ ಶಾಂಭವಿಯ ಕಡೆ ತಿರುಗಿ ಕೇಳಿದ: "ಹೋಗ್ಯಾಳೇನ್ರಿ?"

ಶಾಂಭವಿಯ ಗಂಡ ಪ್ರಭುರಾಜ ಒಳಗಿನಿಂದ ಬಂದು ಫ್ರೇಮನ್ನು ಬೆಳಕಿಗೆ ಹಿಡಿದ. "ಬಿಸಿಲು ಬೀಳ್ತಿತ್ತೇನ?"

"ಬಾಗಲಾ ಎದುರಿಗೆ ಹಾಕೀವ್ರಿ. ಮುಂಜಾನಿ ಬಿಸಿಲು ಮೊದ್ಲ ಅಕಿ ಮ್ಯಾಲೆ ಬೀಳ್ಲಿ ಅಂತ."

"ಅದಕ್ಕ ಹಿಂಗಾಗೇತಿ. ಹಳೇ ಫೈಲ್ ನಮ್ಮ ಹತ್ರ ಐತಿ, ಹೊಸಾದು ತಗದು ಕೊಡ್ತೀವಿ. ರೊಕ್ಕ ಬ್ಯಾಡ."

"ರೊಕ್ಕದ್ದಲ್ರಿ." ಬಾಲಪ್ಪ ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. "ಉಗಾದಿ ಆದಮ್ಯಾಲೆ ಅವ್ವನ ವರ್ಷದ ದಿನ ಬರ್ತೈತಿ. ಅಷ್ಟರಾಗ ಅಕೀನ ಕೊಡ್ರಿ. ಮತ್ತ ಹೋಗಬಾರ್ದು."

ಅವನು ಹೋದ ಮೇಲೆ ಶಾಂಭವಿ ಫ್ರೇಮಿನ ಹಿಂದಿನ ಮೊಳೆ ಕಿತ್ತು ಫೋಟೋವನ್ನು ಹೊರತೆಗೆದಳು. ಫ್ರೇಮಿನ ಅಂಚಿನ ಕೆಳಗೆ ಬೆಳಕು ಸೋಕದ ಒಂದು ಬೆರಳಗಲದ ಪಟ್ಟಿಯಲ್ಲಿ ಸೀರೆ ಹಚ್ಚಹಸಿರಾಗಿಯೇ ಇತ್ತು. ಕೊಪ್ಪಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳಿಗೆ ಕಾರಣ ತಿಳಿಯಲು ಅಷ್ಟು ಸಾಕು. ಆದರೆ ಕಾರಣ ತಿಳಿದಷ್ಟಕ್ಕೆ ಮುಗಿಯಲಿಲ್ಲ. ಈ ಪ್ರಿಂಟರು ಬಂದ ಮೇಲೆ ಇರಕಲ್ಲಗಡ, ಕುಷ್ಟಗಿ, ಯಲಬುರ್ಗಾ ಎಂದು ಎಷ್ಟು ಊರಿನ ಗೋಡೆಗಳಿಗೆ ಅವರು ಸತ್ತವರ ಮುಖ ಕಳಿಸಿದ್ದರು. ಅವೆಲ್ಲ ಈಗ ಒಂದೊಂದಾಗಿ, ಯಾರೂ ನೋಡದಾಗ, ಹೋಗುತ್ತಿರಬೇಕು.

ಮನೆ ಸ್ಟುಡಿಯೋದ ಹಿಂದೆಯೇ ಇತ್ತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾತು ಅದೇ ಆಯಿತು. ಅತ್ತೆ ಮುದುಕಮ್ಮ ರೊಟ್ಟಿ ಬಡಿದು ಬಡಿದು ತಟ್ಟೆಗೆ ಹಾಕುತ್ತಿದ್ದಳು. ಮಾವ ಕಳಕಪ್ಪ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತ ಎಲ್ಲ ಕೇಳಿಸಿಕೊಂಡ. ಸ್ಟುಡಿಯೋ ತೆರೆದವನು ಅವನೇ. ಕತ್ತಲೆಕೋಣೆಯ ಕೆಂಪು ದೀಪದಲ್ಲಿ ಅರ್ಧ ಆಯುಷ್ಯ ಕಳೆದವನು.

"ನಾ ತೊಳದ ಫೋಟೋ ಇನ್ನೂ ಅದಾವ," ಎಂದ. "ಹೈಪೋ ಔಷಧ ಪೂರಾ ಹೋಗೂಮಟಾ ತೊಳೀತಿದ್ದೆ. ಕೈ ಬೆಳ್ಳಗಾಗಿ ಸುಕ್ಕ ಬೀಳ್ತಿದ್ವು."

"ಆಗಿಂದು ಬ್ಯಾರೆ ಅಪ್ಪಾ. ಈಗ ತೊಳಿಯೂದ ಇಲ್ಲ," ಎಂದ ಪ್ರಭುರಾಜ.

"ಅದಕ್ಕ ಹೊಲಸ ಉಳೀತೈತಿ."

"ತಪ್ಪು ಇಂಕಿಂದ್ರಿ ಮಾವಾರ," ಎಂದಳು ಶಾಂಭವಿ. "ನಾವು ತುಂಬೂ ಬಾಟ್ಲಿ ಇಂಕು ಡೈ. ಸಕ್ಕರಿ ನೀರಾಗ ಕರಗಿದಂಗ ಪೂರಾ ಕರಗಿರತೈತಿ. ಬಿಸಿಲು ಅದನ್ನ ಸರಳ ಮುರದ ಹಾಕತೈತಿ. ಪಿಗ್ಮೆಂಟ್ ಇಂಕು ಹಂಗಲ್ಲ. ಅರಿಷಿಣ ನೀರಾಗ ಕಲಸಿದಂಗ, ಕಣ ಕಣ ಇರ್ತಾವ."

ಮುದುಕಮ್ಮ ಒಲೆಯ ಕಡೆಯಿಂದ ತಿರುಗಿದಳು. "ಅರಿಷಿಣ ಬಿಸಿಲಿಗೆ ಹೋಗತದಲ್ಲ? ಸೀರಿ ಮ್ಯಾಲೆ ಬಿದ್ದದ್ದು ಒಂದ ದಿನಕ್ಕ ಹೋಗತದ."

ಕಳಕಪ್ಪ ನಕ್ಕ. "ಬಿ.ಎಸ್ಸಿ. ಸೋತಿತು."

ಶಾಂಭವಿಗೂ ನಗು ಬಂತು. "ಹಂಗಾರ ಕೆಮ್ಮಣ್ಣು ಅನ್ರಿ ಅತ್ತಿ. ಕೆಮ್ಮಣ್ಣು ಹೋಗಂಗಿಲ್ಲ."

"ಹಾಂ, ಅದು ಖರೆ. ಹಿರೇಬೆಣಕಲ್ ಗುಡ್ಡದಾಗ ಬಂಡಿಗಲ್ಲಿನ ಮ್ಯಾಲೆ ಕೆಂಪ ಗೂಳಿ ಬರದಾರಲ್ಲ," ಎಂದ ಕಳಕಪ್ಪ. "ಯಾರ ಬರದ್ರೋ ಅವರ ಹೆಸರೂ ಹೋಗೇತಿ, ಗೂಳಿ ಹಂಗ ಐತಿ. ಆ ಇಂಕು ಎಲ್ಲಿ ಸಿಗತೈತಿ ನೋಡು ಪ್ರಭು."

ಸಿಗುತ್ತಿತ್ತು, ಆದರೆ ಪ್ರಭುರಾಜನ ಕಷ್ಟ ಬೇರೆ. ಪಿಗ್ಮೆಂಟನ್ನು ಹಳೆಯ ಪ್ರಿಂಟರಿಗೆ ತುಂಬಿದರೆ ಅದರ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಹೊಸ ಯಂತ್ರವೇ ಬೇಕು. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಎರಡು ದಾರಿ ತೋರಿಸಿದ್ದ. ಒಂದು ಸಣ್ಣ ಯಂತ್ರ, ಅದಕ್ಕೆ ಹೊಂದುವ ಅಗ್ಗದ ಪಿಗ್ಮೆಂಟ್. ಇನ್ನೊಂದು ಕೋಣೆಯ ಅರ್ಧ ತುಂಬುವ ದೊಡ್ಡ ಯಂತ್ರ, ಕಂಪನಿಯದೇ ಇಂಕು, ಹತ್ತಿಯ ಕಾಗದ. ಎರಡಕ್ಕೂ ನೂರು ವರ್ಷ ಗ್ಯಾರಂಟಿ ಎಂದಿದ್ದ.

"ಅವನ ಅಂಗಡಿ ತೆರದು ನಾಕ ವರ್ಷ ಆಗಿಲ್ಲ," ಎಂದಳು ಶಾಂಭವಿ. "ನೂರು ವರ್ಷ ಅವಗ ಹೆಂಗ ಗೊತ್ತು? ನಾವ ಬಿಸಿಲಿಗಿಟ್ಟು ನೋಡೂಣು."

"ಇಡು. ಆದ್ರ ಎರಡೂ ನಿಂತ್ರ ಸಣ್ಣದ ತರಾವ ನಾನು."

ಪರೀಕ್ಷೆಗೆ ಒಂದು ಮುಖ ಬೇಕಾಯಿತು. ಬಣ್ಣದ ಚೌಕಗಳನ್ನಿಟ್ಟರೆ ಸಾಲದು. ಜನ ನೋಡುವುದು ಚರ್ಮದ ಬಣ್ಣವನ್ನು, ಅದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತದೆ. ಸಂಕ್ರಾಂತಿಯ ದಿನ ಹೊಳೆದಂಡೆಯಲ್ಲಿ, ಬಂಡೆಯ ನೆರಳಿನಲ್ಲಿ ಕಳಕಪ್ಪ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಕುಳಿತಿದ್ದಾಗ ಅವಳು ತೆಗೆದ ಒಂದು ಫೋಟೋ ಇತ್ತು. ಬೆಳಕು ಮೆದುವಾಗಿ ಬಿದ್ದು ಕೆನ್ನೆಯ ತಾಮ್ರದ ಬಣ್ಣ ಇದ್ದ ಹಾಗೇ ಬಂದಿತ್ತು. ಮೂಲ ಮುಖವೂ ಮನೆಯಲ್ಲೇ ಇದೆ, ಬೇಕೆಂದಾಗ ಹೋಲಿಸಿ ನೋಡಬಹುದು ಎಂದು ಅವಳು ಯೋಚಿಸಿದಳು. ಅಷ್ಟನ್ನು ಮಾತ್ರ ಯೋಚಿಸಿದಳು.

ಒಂದನೆಯದು ತಮ್ಮ ಬಾಟಲಿ ಇಂಕು, ಎರಡನೆಯದು ಅಗ್ಗದ ಪಿಗ್ಮೆಂಟ್, ಮೂರನೆಯದು ದೊಡ್ಡ ಯಂತ್ರದ್ದು. ಕೊನೆಯ ಎರಡನ್ನು ಪ್ರಭುರಾಜ ಹುಬ್ಬಳ್ಳಿಯಿಂದ ಪ್ರಿಂಟ್ ಹಾಕಿಸಿಕೊಂಡು ಬಂದ. ಒಂದೇ ಹಲಗೆಯ ಮೇಲೆ ಮೂರನ್ನೂ ಸಾಲಾಗಿ ಅಂಟಿಸಿ, ಗಾಜು ಮುಚ್ಚಿ, ಪ್ರತಿ ಮುಖದ ಎಡ ಅರ್ಧಕ್ಕೆ ಕಪ್ಪು ರಟ್ಟು ಕಟ್ಟಿ, ಶಾಂಭವಿ ಮಾಳಿಗೆಯ ಗೋಡೆಗೆ ಹಲಗೆಯನ್ನು ಮೊಳೆ ಹೊಡೆದು ನಿಲ್ಲಿಸಿದಳು. ಬಿಸಿಲು ಹೆಚ್ಚು ಹೊತ್ತು ಸಿಗಲೆಂದು ದಕ್ಷಿಣಕ್ಕೆ ಮುಖ ಮಾಡಿ.

ಮರುವಾರ ಮುದುಕಮ್ಮ ಮೆಣಸಿನಕಾಯಿ ಒಣಹಾಕಲು ಮೇಲೆ ಹೋದಳು. ಹೋದವಳು ಬೇಗ ಬರಲಿಲ್ಲ. ಬಂದಾಗ ಬುಟ್ಟಿಯಲ್ಲಿ ಮೆಣಸಿನಕಾಯಿ ಹಾಗೇ ಇತ್ತು.

"ಮ್ಯಾಲೆ ಅದೇನದು?" ಎಂದು ಕೇಳಿದಳು.

"ಇಂಕಿನ ಪರೀಕ್ಷಾ ಅತ್ತಿ."

"ಜೀವ ಇದ್ದ ಮನಶ್ಯಾನ್ನ ದಕ್ಷಿಣಕ್ಕ ಮುಖಾ ಮಾಡಿ ನಿಂದ್ರಿಸೀಯಲ್ಲ. ನಿಮ್ಮ ಮನ್ಯಾಗ ಇದನ್ನ ಯಾರೂ ಹೇಳಿಕೊಟ್ಟಿಲ್ಲೇನು?"

ಶಾಂಭವಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಬಿಸಿಲು ಆ ಕಡಿ ಜಾಸ್ತಿ ಬೀಳ್ತೈತ್ರಿ, ಅದಕ್ಕ."

"ಅರ್ಧಾ ಮುಖಕ್ಕ ಕರೇ ರಟ್ಟ ಕಟ್ಟೀ."

"ಹೋಲಿಸಿ ನೋಡಾಕ್ರಿ. ಮುಚ್ಚಿದ್ದು ಉಳೀತೈತಿ, ತೆರದದ್ದು ಹೋಗತೈತಿ, ಎಷ್ಟು ಹೋತು ಅಂತ..."

"ಎಷ್ಟು ಹೋದ್ರು ಅಂತ ದಿನಾ ನೋಡಾಕಿ ನೀನು."

ಕಳಕಪ್ಪ ಹಾಸಿಗೆಯಿಂದ ಎದ್ದು ಕುಳಿತ. "ಏ, ಬಿಡ ಅತ್ಲಾಗ. ಸಾಯೂಕಿನ ಮೊದ್ಲ ತನ್ನ ಫೋಟೋ ತಯಾರ ಇಟ್ಕೊಂಡ ಫೋಟೋಗ್ರಾಫರ್ ಅಂದ್ರ ಈ ಜಿಲ್ಲಾದಾಗ ನಾನೊಬ್ನ."

"ನಿಮ್ಮ ಬಾಯಿಗೆ ಏನ್ ಬರತದ ಅದನ್ನ ಅಂತೀರಿ." ಮುದುಕಮ್ಮ ಅವನ ಕಡೆ ಬೆನ್ನು ತಿರುಗಿಸಿದಳು.

"ತಗದು ಬಿಡ್ತೀನಿ ಅತ್ತಿ. ಈಗ ತಗೀತೀನಿ," ಎಂದು ಶಾಂಭವಿ ಎದ್ದಳು.

"ತಗದು?" ಮುದುಕಮ್ಮ ಅವಳ ಮುಂಗೈ ಹಿಡಿದಳು. "ತಗದು ಏನ್ ಮಾಡಾಕಿ? ಹರಿಯಾಕಿ? ಕಸದಾಗ ಒಗಿಯಾಕಿ? ಅವರ ಮುಖಾನ? ಸುಡಾಕಿ?" ಕೊನೆಯ ಮಾತು ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಟ್ಟದ್ದು ಇಟ್ಟಾಗೇತಿ. ಮುಟ್ಟಬ್ಯಾಡ."

ಹೀಗೆ ಹಲಗೆ ಅಲ್ಲೇ ಉಳಿಯಿತು. ತೆಗೆಯಲೂ ಹೆದರಿಕೆ, ಬಿಡಲೂ ಹೆದರಿಕೆ.

ಮದುವೆಯ ಹಂಗಾಮು ಶುರುವಾಗಿತ್ತು. ಪ್ರಭುರಾಜ ದಿನಕ್ಕೊಂದು ಊರಿಗೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಸ್ಟುಡಿಯೋದಲ್ಲಿ ಶಾಂಭವಿ ಒಬ್ಬಳೇ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಮ್ಮೆ ಮಾಳಿಗೆಗೆ ಹೋಗಿ ರಟ್ಟು ಎತ್ತಿ ನೋಡುತ್ತಿದ್ದಳು. ಒಂದನೆಯದರಲ್ಲಿ ಮೊದಲ ವಾರದಲ್ಲೇ ಬಲಗೆನ್ನೆಯ ಕೆಂಪು ಇಳಿದು, ಅರ್ಧ ಮುಖ ಹಳದಿಗೆ ತಿರುಗಿತು. ಆಮೇಲೆ ಯಾಕೋ ಅದರ ವೇಗ ಕಡಿಮೆಯಾಯಿತು. ಎರಡು, ಮೂರು ಕದಲಲಿಲ್ಲ. ಮೊದಲು ದುರ್ಬಲ ಬಣ್ಣ ಮುರಿದು ಮುಗಿದಿರಬೇಕು, ಉಳಿದದ್ದು ಗಟ್ಟಿ ಇರಬೇಕು ಎಂದು ಅವಳು ಲೆಕ್ಕ ಹಾಕಿಕೊಂಡಳು.

ಅದೇ ದಿನಗಳಲ್ಲಿ ಕಳಕಪ್ಪನ ಊಟ ತಗ್ಗಿತು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಬದನೆಕಾಯಿ ಎಣ್ಣೆಗಾಯಿ ಕಂಡರೆ ತಟ್ಟೆ ಸರಿಸಿದ.

"ಎಣ್ಣಿ ವಾಸನಿ ಬ್ಯಾಡಾಗೇತಿ. ಮಜ್ಜಿಗಿ ಅನ್ನ ಹಾಕು," ಎಂದ.

"ಅದನ್ನೂ ನಿನ್ನೆ ಅರ್ಧಾ ಬಿಟ್ರಿ," ಎಂದಳು ಮುದುಕಮ್ಮ.

"ಬ್ಯಾಸಗಿ. ಯಾರ ಉಣ್ತಾರ ಬ್ಯಾಸಗ್ಯಾಗ?"

ಮೈ ತುರಿಸುತ್ತದೆಂದು ಗೋಡೆಗೆ ಬೆನ್ನು ತಿಕ್ಕುತ್ತಿದ್ದ. ಮಧ್ಯಾಹ್ನ ಅಂಗಡಿಗೆ ಬಂದು ಗಿರಾಕಿಗಳ ಜೊತೆ ಹರಟುವುದು ನಿಂತಿತು. ಶಾಂಭವಿ ಊಟದ ಹೊತ್ತಿನಲ್ಲಿ ಅವನ ಮುಖವನ್ನು ನೋಡತೊಡಗಿದಳು. ಅಡಿಗೆಮನೆಯ ಹಳೇ ಬಲ್ಬಿನ ಬೆಳಕಿನಲ್ಲಿ ಎಲ್ಲರ ಮುಖವೂ ಹಳದಿ, ರೊಟ್ಟಿಯೂ ಹಳದಿ, ಏನೂ ಹೇಳಲಾಗುತ್ತಿರಲಿಲ್ಲ. ಆದರೂ ನೋಡುತ್ತಿದ್ದಳು. ಒಂದು ದಿನ ಮುದುಕಮ್ಮ ಸಾರಿನ ಪಾತ್ರೆಯನ್ನು ದಪ್ಪನೆ ಕೆಳಗಿಟ್ಟಳು.

"ಏನ್ ನೋಡ್ತಿ ಅವರನ್ನ? ಇನ್ನಾ ಎಷ್ಟು ಉಳಿದಾರ ಅಂತ?"

ಪ್ರಭುರಾಜ ತಲೆ ಎತ್ತಿದ. "ಯವ್ವಾ, ಇದೇನ ಮಾತು?"

"ಅಕೀನ ಕೇಳು. ದಿನಾ ಮುಂಜಾನಿ ಮ್ಯಾಲೆ ಹೋಗಿ ಅಲ್ಲೊಮ್ಮೆ ನೋಡ್ತಾಳ, ಕೆಳಗ ಬಂದು ಇಲ್ಲೊಮ್ಮೆ ನೋಡ್ತಾಳ."

ಅದು ನಿಜವಾಗಿತ್ತು. ಬೆಳಕು ಕಾಗದದ ಮೇಲಿನ ಬಣ್ಣವನ್ನು ಮುರಿಯುತ್ತದೆ, ಹಲಗೆಗೂ ಮನುಷ್ಯನಿಗೂ ಯಾವ ತಂತಿಯೂ ಇಲ್ಲ ಎಂದು ಶಾಂಭವಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಳಿಗೆಯ ಮೆಟ್ಟಿಲು ಹತ್ತುವಾಗ ಹೆದರಿಕೆಯಾಗುತ್ತಿತ್ತು. 

ಒಂದು ಮುಂಜಾನೆ ಅವಳು ರಟ್ಟು ಎತ್ತಿ ನಿಂತಿದ್ದಾಗ ಹಿಂದೆ ಉಸಿರಿನ ಸದ್ದಾಯಿತು. ಕಳಕಪ್ಪ ಮೆಟ್ಟಿಲು ಹತ್ತಿ ಬಂದು, ಗೋಡೆ ಹಿಡಿದು ನಿಂತಿದ್ದ.

"ನೀವ್ಯಾಕ ಬಂದ್ರಿ ಮಾವಾರ? ದಮ್ಮ ಹತ್ತೇತಿ."

"ನನ್ನ ಮುಖಾ ನಾ ನೋಡಬಾರ್ದೇನು?" ಅವನು ಹಲಗೆಯ ಪಕ್ಕ ಹೋಗಿ, ಗಿರಾಕಿಗಳನ್ನು ಕೂರಿಸುತ್ತಿದ್ದ ರೀತಿಯಲ್ಲೇ ಗಲ್ಲ ಸ್ವಲ್ಪ ಎತ್ತಿ, ಬಿಸಿಲಿಗೆ ಮುಖ ಕೊಟ್ಟ. "ಹೇಳು. ಮೂರರಾಗ ಯಾವುದು ನನ್ನಂಗ ಐತಿ?"

ಬೆಳಗಿನ ಬಿಳಿ ಬೆಳಕು ಅವನ ಮೇಲೂ ಹಲಗೆಯ ಮೇಲೂ ಸಮನಾಗಿ ಬಿದ್ದಿತ್ತು. ಶಾಂಭವಿ ಮೂರನೆಯದನ್ನು ನೋಡಿದಳು, ಅವನನ್ನು ನೋಡಿದಳು. ಎರಡನೆಯದನ್ನು ನೋಡಿದಳು. ತಾಮ್ರದ ಕೆನ್ನೆ ಅಲ್ಲಿತ್ತು, ಇಲ್ಲಿರಲಿಲ್ಲ. ಕೊನೆಗೆ ಕಣ್ಣು ತಾನೇ ಒಂದನೆಯದಕ್ಕೆ ಹೋಯಿತು. ಮುಚ್ಚಿದ್ದ ಅರ್ಧಕ್ಕಲ್ಲ, ಬಿಸಿಲು ತಿಂದ ಅರ್ಧಕ್ಕೆ. ಆ ಹಳದಿಯೇ ಅವನ ಮುಖದ ಹಳದಿಯಾಗಿತ್ತು. ಕಣ್ಣಿನ ಬಿಳಿಯ ಭಾಗದಲ್ಲೂ ಅದೇ.

 ಒಂದು ಕ್ಷಣ ಅವಳು ಓದಿದ್ದೆಲ್ಲ ಎಲ್ಲಿಗೋ ಹೋಗಿ, ಹಲಗೆಯನ್ನು ಕಿತ್ತು ಎದೆಗವುಚಿಕೊಂಡು ಕೆಳಗೆ ಓಡಬೇಕೆನಿಸಿತು.

"ಹೇಳವಾ," ಎಂದ ಕಳಕಪ್ಪ. ಧ್ವನಿಯಲ್ಲಿ ಈಗ ನಗೆ ಇರಲಿಲ್ಲ.

"ಮಾವಾರ, ಕೆಳಗಿನ ರೆಪ್ಪಿ ಸ್ವಲ್ಪ ಜಗ್ಗಿ ತೋರಿಸ್ರಿ." ಅವನು ತೋರಿಸಿದ. "ಮೂತ್ರ ಯಾವ ಬಣ್ಣ ಹೋಗತೈತಿ?"

ಅವನು ಮುಖ ತಿರುಗಿಸಿದ. "ಡಿಕಾಕ್ಷನ್ ಗತೆ. ಭಾಳ ದಿನಾತು."

"ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ?" ಅವನು ಹಲಗೆಯ ಕಡೆ ಗಲ್ಲ ಚಾಚಿದ. "ನೀ ಏಳೂಕಿನ ಮೊದ್ಲ ಎಷ್ಟೋ ಸಲ ಬಂದು ನೋಡೇನಿ. ಅಲ್ಲಿ ಹೊಂಟೇತಿ, ಇಲ್ಲೂ ಹೊಂಟೇತಿ ಅನಿಸ್ತು. ನಿಮ್ಮತ್ತಿ ಮುಂದ ನಗ್ತಿದ್ದೆ. ನನಗೂ ಹೆದರಿಕಿ ಆಗೇತವಾ."

ಕೆಳಗೆ ಬಂದು ಹೇಳಿದಾಗ ಮನೆಯಲ್ಲಿ ಜಗಳವೇ ಆಯಿತು. ಮುದುಕಮ್ಮನಿಗೆ ಕಾಮಣಿ, ಅಂದರೆ ಕಾಮಾಲೆ, ಎಂಬ ಮಾತು ಕೇಳಿ ಒಂದು ರೀತಿಯ ಸಮಾಧಾನ; ಅದಕ್ಕೆ ಔಷಧ ಇದೆ, ಹೊಳೆಯಾಚೆಯ ಒಂದು ಊರಲ್ಲಿ ಮುಂಜಾನೆ ಎಲೆಯ ರಸ ಕೊಡುತ್ತಾರೆ.

"ಮೂರ ವಾರ ಪಥ್ಯಾ ಮಾಡಿದ್ರ ಇಳೀತದ. ನಮ್ಮಣ್ಣಗ ಇಳದಿತ್ತು."

"ಇದು ಆ ಕಾಮಣಿ ಇರ್ಲಿಕ್ಕಿಲ್ಲ ಅತ್ತಿ. ತುರಿಕಿ ಐತಿ. ಪಿತ್ತದ ದಾರ್ಯಾಗ ಏನೋ ಅಡ್ಡ ನಿಂತಂಗೈತಿ. ಸ್ಕ್ಯಾನ್ ಆಗಬೇಕು."

"ನೀ ಡಾಕ್ಟರೇನು?"

"ಅಲ್ಲ. ಅದಕ್ಕ ಡಾಕ್ಟರ ಕಡಿ ಹೋಗೂಣು ಅನ್ನಾಕತ್ತೀನಿ."

ಪ್ರಭುರಾಜ ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡುತ್ತ ನಿಂತಿದ್ದ. "ಒಂದ ವಾರ ಎಲಿ ರಸ ಕೊಟ್ಟು ನೋಡೂಣೇನ?"

"ಇವತ್ತ ಬಿಸಿಲಾಗ ಕರಕೊಂಡ ಹೋಗಿ ಅವರ ಕಣ್ಣು ನೋಡ್ರಿ. ಆಮ್ಯಾಲೆ ಹೇಳ್ರಿ," ಎಂದಳು ಶಾಂಭವಿ.

ಅವನು ತಂದೆಯನ್ನು ಅಂಗಳಕ್ಕೆ ಕರೆದುಕೊಂಡು ಹೋದ. ಒಳಗೆ ಬಂದವನೇ ಬಾಡಿಗೆ ಕಾರಿಗೆ ಫೋನ್ ಹಚ್ಚಿದ.

ಕೊಪ್ಪಳದಲ್ಲಿ ಸ್ಕ್ಯಾನ್ ಮಾಡಿದವರು ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಸೋಂಕು ಏರುತ್ತಿದೆ, ತಡಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಅಲ್ಲಿ ಬಾಯಿಯ ಮೂಲಕ ನಳಿಕೆ ಇಳಿಸಿ ಕಲ್ಲು ತೆಗೆಯಬೇಕು ಎಂದಾಯಿತು. ಪ್ರಭುರಾಜ ತಂದೆಯ ಜೊತೆ ಉಳಿದ. ಅವ್ವನನ್ನು ಕಳಿಸು ಎಂದು ಅವನು ಫೋನ್ ಮಾಡಿದಾಗ ಮುದುಕಮ್ಮ ಒಪ್ಪಲಿಲ್ಲ.

"ನಾ ಬರಂಗಿಲ್ಲ. ನಾ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ."

"ಅತ್ತಿ, ಮಾವಾರು ಕೇಳಾಕತ್ತಾರಂತ."

"ಬಂದಮ್ಯಾಲೆ ನೋಡ್ತೀನಿ ಅಂತ ಹೇಳು."

ಇಷ್ಟು ವರ್ಷದಲ್ಲಿ ಗಂಡ ನೆಗಡಿಯಾಗಿ ಮಲಗಿದರೂ ಪಕ್ಕ ಬಿಡದವಳು ಹೀಗಂದದ್ದು ಶಾಂಭವಿಗೆ ಅರ್ಥವಾಗಲಿಲ್ಲ. ಕೋಪದಿಂದಿರಬೇಕು ಎಂದುಕೊಂಡಳು. ಇಬ್ಬರೂ ಒಂದೇ ಪಾತ್ರೆಯಲ್ಲಿ ಅನ್ನ ಮಾಡಿಕೊಂಡು ಉಂಡು, ಫೋನಿನ ಹತ್ತಿರ ಕೂರುತ್ತಿದ್ದರು. ಒಮ್ಮೆ ಜ್ವರ ಏರಿತು, ಇನ್ನೂ ನಳಿಕೆ ಹಾಕಿಲ್ಲ ಎಂದು ಸುದ್ದಿ ಬಂತು. ಆ ಸಂಜೆ ಮುದುಕಮ್ಮ ಶಾಂಭವಿಯ ತಟ್ಟೆಗೆ ತಾನೇ ತುಪ್ಪ ಹಾಕಿ, "ಉಣ್ಣು. ನೀ ಬಿದ್ರ ಅಂಗಡಿ ಯಾರ ತೆರೀತಾರ?" ಎಂದಳು. 

ಕಲ್ಲು ಹೊರಬಂತು. ಉಗಾದಿಯ ಹೊತ್ತಿಗೆ ಕಳಕಪ್ಪ ಮನೆಗೆ ಬಂದ, ತೂಕ ಕಳೆದುಕೊಂಡು, ಆದರೆ ಕಣ್ಣಿನ ಬಿಳುಪು ಮರಳಿ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, "ಹೋಳಿಗಿ ಎಲ್ಲಿ?" ಎಂದು ಕೇಳಿದಾಗ ಮುದುಕಮ್ಮ ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಹಬ್ಬದ ಮರುದಿನ ಪ್ರಭುರಾಜ ಇಂಕಿನ ಮಾತು ತೆಗೆದ.

"ಪರೀಕ್ಷಾ ಮುಗೀತಲ್ಲ? ಏನಾತು?"

"ಒಂದನೇದು ಹೋಗೇತಿ. ಎರಡು, ಮೂರು ಎರಡೂ ಹಂಗ ಅದಾವ. ಏನೂ ಫರಕ ಇಲ್ಲ."

"ಹಂಗಾರ ಸಣ್ಣ ಯಂತ್ರ ಸಾಕು. ಇವತ್ತ ಫೋನ್ ಹಚ್ಚತೀನಿ. ಬಾಲಪ್ಪನ ಫೋಟೋ ಅದ್ರಾಗ ಮೊದ್ಲ ತಗಿಯೂಣು."

ಶಾಂಭವಿ ಹಲಗೆ ಇಳಿಸಿಕೊಂಡು ಬರಲು ಮೇಲೆ ಹೋದಳು. ಮೊಳೆ ಕೀಳುವಾಗ ಅದರ ತಲೆಗೆ ಏನೋ ಸಿಕ್ಕಿಕೊಂಡಿದ್ದು ಕಂಡಿತು. ಕೆಂಪು ರೇಷ್ಮೆಯ ಎಳೆ, ಇಳಕಲ್ ಸೀರೆಯ ಸೆರಗಿನದು. ಇನ್ನೊಂದು ತುದಿಯ ಮೊಳೆಯಲ್ಲೂ ಒಂದು ಎಳೆ. ಗಾಜಿನ ಮೇಲೆ ಇಷ್ಟು ವಾರಗಳ ಧೂಳು ಇರಬೇಕಿತ್ತು. ಧೂಳು ಇರಲಿಲ್ಲ. ಅವಳು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಬಿಸಿಲಿನಲ್ಲಿ ನಿಂತಳು. ಒಂದನೆಯದರ ವೇಗ ಯಾಕೆ ಕಡಿಮೆಯಾಯಿತು, ಯಾವ ವಾರದಿಂದ ಕಡಿಮೆಯಾಯಿತು, ಅತ್ತೆ ಹುಬ್ಬಳ್ಳಿಗೆ ಯಾಕೆ ಹೋಗಲಿಲ್ಲ, ಎಲ್ಲವೂ ಒಂದರ ಹಿಂದೆ ಒಂದು ಬಂದು ನಿಂತವು.

ಕೆಳಗೆ ಮುದುಕಮ್ಮ ಅಕ್ಕಿ ಆರಿಸುತ್ತಿದ್ದಳು. ಕಳಕಪ್ಪ ಗೋಡೆಗೊರಗಿ ಕುಳಿತಿದ್ದ.

"ಅತ್ತಿ, ದಿನಾ ಮುಚ್ಚತಿದ್ರೇನ್ರಿ?"

ಮುದುಕಮ್ಮನ ಕೈ ಮೊರದಲ್ಲಿ ನಿಂತಿತು. ಅವಳು ಎಳೆಯನ್ನು ನೋಡಿದಳು, ಸುಳ್ಳು ಹೇಳಲಿಲ್ಲ. "ನೀ ಅಂಗಡಿಗೆ ಹೋದಮ್ಯಾಲೆ. ಬಿಸಿಲು ಇಳದಮ್ಯಾಲೆ ತಗೀತಿದ್ದೆ. ಒಂದ ಮುಖಾ ಆಗ್ಲೇ ಹೋಗಿತ್ತು. ಉಳದದ್ದು ಎರಡಾರ ಇರ್ಲಿ ಅಂತ, ನನ್ನ ಹಳೇ ಸೀರಿ."

"ಎಲ್ಲಾ ದಿನಾ?"

"ಎಲ್ಲಾ ದಿನಾ. ಅವರು ದವಾಖಾನ್ಯಾಗ ಇದ್ದಾಗೂ. ನಾನೂ ಹೋಗಿದ್ರ ಯಾರ ಮುಚ್ಚತಿದ್ರು?"

ಫೋನ್ ಹಿಡಿದು ಬಂದ ಪ್ರಭುರಾಜ ಬಾಗಿಲಲ್ಲೇ ನಿಂತ. "ಅಂದ್ರ ಪರೀಕ್ಷಾ ಆಗೇ ಇಲ್ಲ?"

"ಆಗಿಲ್ಲ," ಎಂದಳು ಶಾಂಭವಿ. "ಫೋನ್ ಮಾಡಬ್ಯಾಡ್ರಿ. ಎರಡನೇದು ನಿಲ್ಲತೈತಿ ಅಂತ ಹೇಳಾಕ ನಮ್ಮ ಹತ್ರ ಏನೂ ಇಲ್ಲ."

"ಎರಡು ತಿಂಗಳು ಹೋತಲ್ಲ ಯವ್ವಾ."

"ಬೈ. ಬೈಸ್ಕೊಳ್ತೀನಿ."

ಕಳಕಪ್ಪ ಹೆಂಡತಿಯನ್ನೇ ನೋಡುತ್ತಿದ್ದ. "ಆ ಮೊಣಕಾಲು ಇಟ್ಕೊಂಡು ದಿನಾ ಎರಡ ಸಲ ಏರತಿದ್ಯಾ?" ಎಂದ. "ನನಗ ಒಂದ ಸಲ ಏರಾಕ ಉಸಿರ ನಿಂತಿತ್ತು." ಅವಳು ತಲೆ ಎತ್ತದೆ ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ಯಾರೂ ಬೈಯಲಿಲ್ಲ.

ಮುದುಕಮ್ಮನೇ ಕೇಳಿದಳು. "ಇನ್ನೊಮ್ಮೆ ಇಡಬೇಕಲ್ಲ?"

"ಇಡಬೇಕು ಅತ್ತಿ. ಯಾವುದರ ಗೊಂಬಿದೋ, ಹೂವಿಂದೋ ಇಡ್ತೀನಿ."

"ಮುಖಾನ ಬೇಕು ಅಂದಿದ್ಯಲ್ಲ. ಮುಖಾ ಕೆಟ್ರ ಕಣ್ಣಿಗೆ ಹೊಡೀತದ ಅಂತ." ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. "ನಂದ ಇಡು. ನಾ ಮುಚ್ಚಂಗಿಲ್ಲ."

ಕಳಕಪ್ಪ ಒಂದೇ ಮಾತು ಹೇಳಿದ: "ಬ್ಯಾಡ." ಅಂಥ ಧ್ವನಿಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಶಾಂಭವಿ ತನ್ನ ಫೋಟೋವನ್ನೇ ಹುಬ್ಬಳ್ಳಿಗೆ ಕಳಿಸಿ ಎರಡೂ ಇಂಕಿನಲ್ಲಿ ತರಿಸಿದಳು. ಬಾಲಪ್ಪನ ತಾಯಿಯದನ್ನು ಮೂರನೆಯ ಇಂಕಿನಲ್ಲಿ, ಹತ್ತಿಯ ಕಾಗದದ ಮೇಲೆ ಅಲ್ಲಿಯೇ ಹಾಕಿಸಿದಳು. ಅವನು ಬಂದು ನೋಡಿದ. ಈ ಸಲ ತಾನೇ ಟವೆಲ್ ಬಿಡಿಸಿ ಹಾಸಿದ.

"ಬಂದಾಳ," ಎಂದ. ಆಮೇಲೆ, "ಎಷ್ಟು ದಿನಾ ಇರ್ತಾಳ್ರಿ?"

ನೂರು ವರ್ಷ ಎಂದು ಹೇಳಿ ಕಳಿಸಬಹುದಿತ್ತು. "ಗೊತ್ತಿಲ್ಲಣ್ಣಾ," ಎಂದಳು ಶಾಂಭವಿ. "ಇನ್ನೂ ನೋಡಾಕತ್ತೀವಿ. ಬಾಗಲಾ ಎದುರಿಗೆ ಹಾಕಬ್ಯಾಡ್ರಿ. ಒಳಗಿನ ಗ್ವಾಡಿಗೆ, ಬಿಸಿಲು ಬೀಳದಲ್ಲಿ ಹಾಕ್ರಿ. ಸ್ವಲ್ಪ ಮಸುಕಾದ್ರೂ ಬರ್ರಿ. ಹೆದರಬ್ಯಾಡ್ರಿ."

ಅವನು ಕೊನೆಯ ಮಾತನ್ನು ಕೇಳಿಸಿಕೊಳ್ಳದವನಂತೆ ಗಂಟು ಕಟ್ಟಿದ.

ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಶಾಂಭವಿ ಮೆಣಸಿನಕಾಯಿ ತಿರುವಿಹಾಕಲು ಮಾಳಿಗೆಗೆ ಹೋದಳು. ಹೊಸ ಹಲಗೆ ಅದೇ ಗೋಡೆಯ ಮೇಲಿತ್ತು, ಅದೇ ದಕ್ಷಿಣಕ್ಕೆ. ಎರಡು ಶಾಂಭವಿಯರು ಅರ್ಧ ಮುಖಕ್ಕೆ ಕಪ್ಪು ಕಟ್ಟಿಕೊಂಡು, ಉಳಿದರ್ಧವನ್ನು ಬೇಸಿಗೆಯ ಬಿಸಿಲಿಗೆ ಕೊಟ್ಟು ನಿಂತಿದ್ದರು. ನೋಡದೆ ಹೋಗಬೇಕೆಂದುಕೊಂಡವಳು ಹತ್ತಿರ ಬಂದು ಬಾಗಿದಳು. ಬಲಗೆನ್ನೆಯಲ್ಲಿ ಇನ್ನೂ ಏನೂ ಆಗಿರಲಿಲ್ಲ. ಆಗಿಲ್ಲ ಎಂದು ಮತ್ತೆ ನೋಡಿದಳು. ತನ್ನ ಕೆನ್ನೆ ಮುಟ್ಟಿಕೊಂಡಳು.

"ಶಾಂಭವಿ," ಎಂದು ಕೆಳಗಿನಿಂದ ಮುದುಕಮ್ಮ ಕೂಗಿದಳು. "ಬಿಸಿಲಾಗ ಎಷ್ಟೊತ್ತು ನಿಂದರ್ತಿ? ಬಾ ಕೆಳಗ."

"ಬಂದೆ ಅತ್ತಿ."

ಆಗಲೇ ಅವಳಿಗೆ ಕಂಡದ್ದು. ತಾನು ಸೂರ್ಯನಿಗೂ ಹಲಗೆಗೂ ನಡುವೆ ನಿಂತಿದ್ದಳು. ತನ್ನ ನೆರಳು ಎರಡೂ ಮುಖಗಳನ್ನು ಪೂರ್ತಿ ಮುಚ್ಚಿತ್ತು, ಯಾವಾಗಿನಿಂದಲೋ. ಪಕ್ಕಕ್ಕೆ ಸರಿಯಬೇಕು. ಒಂದು ಹೆಜ್ಜೆ ಸಾಕು.

ಕೆಳಗಿನಿಂದ ಅತ್ತೆ ಇನ್ನೊಮ್ಮೆ ಕರೆಯುವವರೆಗೂ ಅವಳಿಗೆ ಆ ಹೆಜ್ಜೆ ಇಡಲಾಗಲಿಲ್ಲ.